ಡಾಂಬರು ತೆಗೆದ ಮೇಲೆ ಉಳಿಯುವ ಪುಡಿ



ರಸ್ತೆ ಕೆಲಸದಲ್ಲೇ ಆಯುಷ್ಯ ಕಳೆದ ಎಂಜಿನಿಯರರೊಬ್ಬರ ಹೆಸರಿನ ದತ್ತಿ ಉಪನ್ಯಾಸ ಇದು. ಹಾಗಾಗಿ ಡಾಂಬರಿನ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ವೇದಿಕೆ ನನಗೆ ಸಿಗಲಾರದು. ನಮ್ಮ ರಸ್ತೆಗೆ ಬೀಳುವ ಡಾಂಬರು ರಿಫೈನರಿಯದು. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದಾದ ಮೇಲೆ ತಳದಲ್ಲಿ ಉಳಿಯುವ ಅಂಶ ಅದು. ಮಂಗಳೂರಿನ ಎಂಆರ್‌ಪಿಎಲ್ ಅದನ್ನು ತಯಾರಿಸುತ್ತದೆ. ಸಾಲದೆ ಬಂದದ್ದು ಹಡಗಿನಲ್ಲಿ ಕಾರವಾರದಂಥ ಬಂದರಿಗೆ ಬಂದಿಳಿಯುತ್ತದೆ. ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಡಾಂಬರಿನ ಸಂಗತಿ. ಅದು ಕಲ್ಲಿನ ಒಳಗೇ ಇಂಗಿ ಕೂತಿದೆ. ಅದನ್ನು ಕಲ್ಲಿನಿಂದ ಬಿಡಿಸುವುದು ಹೇಗೆ, ನೆಲಕ್ಕೂ ನೀರಿಗೂ ಕೆಲಸಗಾರರ ಎದೆಗೂ ಕಡಿಮೆ ಕೇಡಾಗುವಂತೆ ಬಿಡಿಸುವುದು ಹೇಗೆ ಎಂದು ಜಗತ್ತಿನ ಹಲವು ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿವೆ. ‘ಹಸಿರು ವಿಧಾನ’ ಎಂಬ ಹೆಸರು ಹೊತ್ತು ಲೇಖನಗಳು ಬರುತ್ತಲೇ ಇವೆ. ಅವನ್ನು ಓದುವಾಗ ನಾನು ಮೊದಲು ಹುಡುಕುವುದು ಎಷ್ಟು ಡಾಂಬರು ಬಂತು ಎಂಬ ಅಂಕಿಯನ್ನಲ್ಲ. ಡಾಂಬರು ತೆಗೆದ ಮೇಲೆ ಉಳಿದ ಪುಡಿಯ ಜೊತೆ ಏನೇನು ಆಚೆ ಹೋಯಿತು ಎಂಬ ಅಂಕಿಯನ್ನು. ಯಾಕೆ ಎಂಬುದನ್ನು ಒಂದು ಊರನ್ನು ಹಿಡಿದುಕೊಂಡು ವಿವರಿಸುತ್ತೇನೆ.

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಆಗ್ನೇಯ ಮೂಲೆಯಲ್ಲಿ ಬುಟೊನ್ ಎಂಬ ದ್ವೀಪವಿದೆ. ಅಲ್ಲಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಡಾಂಬರು ತುಂಬಿಕೊಂಡಿದೆ. 20ನೆಯ ಶತಮಾನದ ಆರಂಭದಲ್ಲಿ ಡಚ್ಚರು ಅದನ್ನು ಗುರುತಿಸಿದರು, 1920ರ ದಶಕದಲ್ಲಿ ಅಗೆಯಲು ಶುರುವಾಯಿತು. ಕಬುಂಗ್ಕಾ ಮತ್ತು ಲಾವೆಲೆ ಎಂಬ ಎರಡು ಜಾಗಗಳು ಮುಖ್ಯ. ಎರಡರ ಗುಣವೂ ಬೇರೆ. ಕಬುಂಗ್ಕಾದ ಕಲ್ಲಿನಲ್ಲಿ ಡಾಂಬರು ಸೇಕಡಾ 20ರ ಒಳಗೆ. ಗಟ್ಟಿ, ಸುತ್ತಿಗೆ ಏಟಿಗೆ ಒಡೆಯುತ್ತದೆ. ಲಾವೆಲೆಯದರಲ್ಲಿ 25ರಿಂದ 30. ಮೆದು, ಬಿಸಿಲಿಗೆ ಅಂಟಂಟಾಗುತ್ತದೆ, ರಾಶಿ ಹಾಕಿದರೆ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಗಡ್ಡೆಯಾಗುತ್ತವೆ. ಅಲ್ಲಿಯವರು ಇದನ್ನು ‘ಅಸ್‌ಬುಟೊನ್’ ಎನ್ನುತ್ತಾರೆ. ದ್ವೀಪದ ನೆಲದಡಿ 60 ಕೋಟಿ ಟನ್ನಿಗೂ ಮೇಲೆ ಇಂಥ ಕಲ್ಲಿದೆ ಎಂಬುದು ಅಲ್ಲಿನ ಸರ್ಕಾರದ ಅಂದಾಜು. ಇಷ್ಟಿದ್ದೂ ಆ ದೇಶ ತನ್ನ ರಸ್ತೆಗಳಿಗೆ ಬೇಕಾದ ಡಾಂಬರಿನಲ್ಲಿ ದೊಡ್ಡ ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಅಂದಿನ ಅಧ್ಯಕ್ಷ ಜೊಕೊ ವಿಡೊಡೊ ಸ್ವತಃ ಬುಟೊನ್‌ಗೆ ಹೋಗಿ, ಇನ್ನೆರಡು ವರ್ಷದಲ್ಲಿ ಆಮದು ನಿಲ್ಲಿಸುತ್ತೇವೆ ಎಂದು ಸಾರಿದರು. ಗಡುವು ಕಳೆಯಿತು, ಆಮದು ನಿಲ್ಲಲಿಲ್ಲ. ಕಲ್ಲಿಗೇನೂ ಬರವಿಲ್ಲ. ಆದರೆ ಆ ಕಲ್ಲಿನಿಂದ ಡಾಂಬರನ್ನು ರಿಫೈನರಿಯ ದರಕ್ಕೆ, ರಿಫೈನರಿಯ ಗುಣಮಟ್ಟಕ್ಕೆ ಬಿಡಿಸಿ ಕೊಡುವುದು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿದಿದೆ.

ಹಿಂದಿನವರು ಬಿಡಿಸುವ ಗೋಜಿಗೇ ಹೋಗಿರಲಿಲ್ಲ. ಸ್ವಿಟ್ಜರ್ಲೆಂಡಿನ ನೊಶಾಟೆಲ್ ಸೀಮೆಯ ವಾಲ್ ದ ತ್ರಾವೆರ್ ಕಣಿವೆಯಲ್ಲಿ ಇಂಥದೇ ಸುಣ್ಣಕಲ್ಲು ಸಿಗುತ್ತಿತ್ತು, ಅದರಲ್ಲಿ ಡಾಂಬರಿನ ಅಂಶ ಸೇಕಡಾ ಹತ್ತರ ಸುಮಾರು. 18ನೆಯ ಶತಮಾನದಲ್ಲಿ ಆರಂಭವಾದ ಆ ಗಣಿ 1986ರವರೆಗೆ ನಡೆಯಿತು. ಕಲ್ಲನ್ನು ಪುಡಿ ಮಾಡಿ, ಪುಡಿಯನ್ನು ಬಿಸಿ ಮಾಡಿ, ಬೀದಿಗೆ ಹರಡಿ, ಬಿಸಿ ಕಬ್ಬಿಣದಿಂದ ಬಡಿದು ಒತ್ತುತ್ತಿದ್ದರು. ಪ್ಯಾರಿಸ್, ಲಂಡನ್ನಿನ ಬೀದಿಗಳು ಹಾಗೆ ಸಿದ್ಧವಾದವು. ಗಣಿ ಮುಚ್ಚಿದ ಮೇಲೂ ಅಲ್ಲಿ ಹಂದಿಮಾಂಸವನ್ನು ಕಾಗದದಲ್ಲಿ ಸುತ್ತಿ ಕಾದ ಡಾಂಬರಿನೊಳಗೆ ಇಳಿಸಿ ಬೇಯಿಸುವ ಪದ್ಧತಿ ಉಳಿದುಕೊಂಡಿದೆ. ಗಣಿ ಕಾರ್ಮಿಕರ ಹಬ್ಬದೂಟ ಅದಾಗಿತ್ತಂತೆ. ಟ್ರಿನಿಡಾಡಿನ ಲಾ ಬ್ರೇಯಾದಲ್ಲಿ ಡಾಂಬರಿನ ಕೆರೆಯೇ ಇದೆ, ಸುಮಾರು 40 ಹೆಕ್ಟೇರಿನದು. 1595ರಲ್ಲಿ ವಾಲ್ಟರ್ ರ‍್ಯಾಲಿ ತನ್ನ ಹಡಗಿನ ಬಿರುಕುಗಳಿಗೆ ಅದನ್ನು ಬಳಿಸಿದ್ದ. ಅಲ್ಲಿ ಇವತ್ತಿಗೂ ಮಾಡುವ ಶುದ್ಧೀಕರಣ ಬಹಳ ಸರಳ: ಕಾಯಿಸಿ ನೀರು ಓಡಿಸುತ್ತಾರೆ, ಕಸಕಡ್ಡಿ ಸೋಸುತ್ತಾರೆ. ಹಾಗೆ ಬಂದ ಮಾಲಿನಲ್ಲಿ ಡಾಂಬರು ಸೇಕಡಾ 54ರ ಸುಮಾರು, ಮಿಕ್ಕದ್ದರಲ್ಲಿ ಹೆಚ್ಚಿನದು ಖನಿಜದ ನಯವಾದ ಪುಡಿ. ಪುಡಿ ಇದೆಯೆಂದು ಯಾರೂ ಅದನ್ನು ಬೇಡ ಎನ್ನಲಿಲ್ಲ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಕಿದ್ದೂ ಅದನ್ನೇ. ಈ 54ರ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬಿಡಿಸುವ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಅಥಬಾಸ್ಕಾ ನದಿಯ ದಂಡೆಯಲ್ಲಿ ಸುಣ್ಣಕಲ್ಲಿನ ಬದಲು ಡಾಂಬರು ಮೆತ್ತಿದ ಮರಳು. ಕಾರ್ಲ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞ 1920ರ ದಶಕದಲ್ಲಿ ಆ ಮರಳನ್ನು ಬಿಸಿನೀರು ಮತ್ತು ಕ್ಷಾರದಲ್ಲಿ ಕಲಕಿ, ಗಾಳಿಯ ಗುಳ್ಳೆಗಳಿಗೆ ಅಂಟಿಕೊಂಡು ಮೇಲೇಳುವ ಡಾಂಬರಿನ ನೊರೆಯನ್ನು ತೆಗೆಯುವ ವಿಧಾನ ರೂಪಿಸಿದ. 1967ರಲ್ಲಿ ಮೊದಲ ದೊಡ್ಡ ಕಾರ್ಖಾನೆ ಶುರುವಾಯಿತು. ವಿಧಾನದಲ್ಲಿ ವಿಷವೆನ್ನುವಂಥದ್ದು ಏನಿದೆ ಹೇಳಿ? ನೀರು, ಒಂದಿಷ್ಟು ಕಾಸ್ಟಿಕ್ ಸೋಡಾ, ಉಗಿ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ನಿರುಪದ್ರವಿ ಬೇರೊಂದಿಲ್ಲ. ಆದರೆ ಮರಳಿನ ಜೊತೆ ಬಂದ ಜೇಡಿ ಆ ಕ್ಷಾರದ ನೀರಿನಲ್ಲಿ ಎಷ್ಟು ನುಣ್ಣಗೆ ಕದಡಿತೆಂದರೆ ದಶಕಗಳು ಕಳೆದರೂ ಪೂರ್ತಿ ತಳ ಹಿಡಿಯುತ್ತಿಲ್ಲ. ಡಾಂಬರಿನಲ್ಲಿದ್ದ ನ್ಯಾಫ್ತೆನಿಕ್ ಆಮ್ಲಗಳು ನೀರಿಗಿಳಿದು ಅದು ಮೀನಿಗೆ ವಿಷವಾಯಿತು. ಆ ಕೊಳೆನೀರಿನ ಕೊಳಗಳು ಇವತ್ತು ಒಂದು ಲಕ್ಷ ಕೋಟಿ ಲೀಟರಿಗೂ ಮೀರಿ ನಿಂತಿವೆ. 2008ರ ಏಪ್ರಿಲಿನಲ್ಲಿ ಸಿನ್‌ಕ್ರೂಡ್ ಕಂಪನಿಯ ಕೊಳವೊಂದರ ಮೇಲೆ ಇಳಿದ ಸುಮಾರು 1,600 ಬಾತುಕೋಳಿಗಳು ಮೇಲೆ ತೇಲುತ್ತಿದ್ದ ಡಾಂಬರಿಗೆ ಸಿಕ್ಕಿ ಸತ್ತವು. ಚಳಿ ದೇಶದಲ್ಲಿ ವಲಸೆ ಹಕ್ಕಿಗಳು ಬರುವ ಹೊತ್ತಿಗೆ ಸುತ್ತಲಿನ ಕೆರೆಗಳೆಲ್ಲ ಹೆಪ್ಪುಗಟ್ಟಿದ್ದವು. ಹೆಪ್ಪುಗಟ್ಟದೆ ತೆರೆದಿದ್ದ ನೀರೆಂದರೆ ಆ ಕೊಳ. ನ್ಯಾಯಾಲಯ 30 ಲಕ್ಷ ಡಾಲರ್ ದಂಡ ವಿಧಿಸಿತು.

ಈ ಕಥೆಯನ್ನು ಕೇಳಿದವರು, ಹಾಗಾದರೆ ನೀರನ್ನು ಬಿಟ್ಟುಬಿಡೋಣ ಎನ್ನುತ್ತಾರೆ. ಬುಟೊನ್‌ನವರ ಮುಂದೆ ಆ ಪ್ರಶ್ನೆ ಬೇರೆ ರೀತಿಯಲ್ಲೇ ನಿಂತಿದೆ. ಬರೀ ಬಿಸಿನೀರಿಗೆ ಅವರ ಕಲ್ಲು ಡಾಂಬರನ್ನು ಬಿಟ್ಟುಕೊಡುವುದೇ ಇಲ್ಲ. ಹಲಸಿನ ಹಣ್ಣು ಬಿಡಿಸಿದವರಿಗೆ ಇದರ ಗುಟ್ಟು ಗೊತ್ತು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೆ ಮೇಣ ಸಲೀಸಾಗಿ ಕಳಚುತ್ತದೆ. ಬರಿಗೈಗೆ ಹತ್ತಿದ ಮೇಣ ಎಷ್ಟು ನೀರು ಹಾಕಿ ತಿಕ್ಕಿದರೂ ಹೋಗದು. ಅಥಬಾಸ್ಕಾದ ಮರಳಿನ ಕಣಕ್ಕೂ ಅದರ ಮೇಲಿನ ಡಾಂಬರಿಗೂ ನಡುವೆ ನೀರಿನ ಅತಿ ತೆಳುವಾದ ಪೊರೆಯೊಂದಿದೆ. ಡಾಂಬರು ಮರಳನ್ನು ನೇರವಾಗಿ ಮುಟ್ಟೇ ಇಲ್ಲ, ಆದ್ದರಿಂದ ಕ್ಲಾರ್ಕನ ಬಿಸಿನೀರು ಗೆದ್ದಿತು. ಬುಟೊನ್‌ನ ಸುಣ್ಣಕಲ್ಲಿನಲ್ಲಿ ಆ ಪೊರೆಯಿಲ್ಲ. ಸಾಲದ್ದಕ್ಕೆ ಸುಣ್ಣಕಲ್ಲಿನ ಮೈಮೇಲೆ ಸಾಮಾನ್ಯವಾಗಿ ಧನ ವಿದ್ಯುದಂಶ, ಡಾಂಬರಿನಲ್ಲಿರುವ ಆಮ್ಲದ ಗುಂಪುಗಳಿಗೆ ಋಣ ವಿದ್ಯುದಂಶ. ಒಂದನ್ನೊಂದು ಸೆಳೆದು ಹಿಡಿದುಕೊಂಡಿವೆ. ಒಂದು ಕಡೆ ಗೆದ್ದ ವಿಧಾನವನ್ನು ಇನ್ನೊಂದು ಕಡೆಗೆ ಹೊತ್ತುಕೊಂಡು ಹೋಗುವ ಮೊದಲು ಕಲ್ಲಿನ ಮೈಯನ್ನು ಕೇಳಬೇಕು. ಬಹಳಷ್ಟು ಪ್ರಯೋಗಗಳು ಎಡವಿದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ನೀರಿಗೆ ಬಾರದಿದ್ದರೆ ಉಳಿದದ್ದು ದ್ರಾವಕ. ಸಿವಿಲ್ ವಿಭಾಗದ ವಿದ್ಯಾರ್ಥಿಗಳಿಗೆ ಇದು ಲ್ಯಾಬಿನಲ್ಲಿ ಮಾಡಿದ ಕೆಲಸ. ರಸ್ತೆಯಿಂದ ಕೊರೆದು ತಂದ ತುಂಡನ್ನು ಬಿಸಿ ಮಾಡಿ ಬಿಡಿಸಿ, ತೂಗಿ, ಸೆಂಟ್ರಿಫ್ಯೂಜಿನ ಬಟ್ಟಲಿಗೆ ಹಾಕುತ್ತೀರಿ. ದ್ರಾವಕ ಸುರಿದು, ಅಂಚಿಗೆ ಫಿಲ್ಟರ್ ಪೇಪರಿನ ಬಳೆ ಇಟ್ಟು, ಮುಚ್ಚಳ ಬಿಗಿದು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ತಿರುಗಿಸುತ್ತೀರಿ. ಮೊದಲ ಸಲ ಕೊಳವೆಯಿಂದ ಕಪ್ಪು ದ್ರವ ಬರುತ್ತದೆ, ಎರಡನೆಯ ಸಲ ಕಂದು, ಆಮೇಲಾಮೇಲೆ ತಿಳಿಹಳದಿ. ತಿಳಿಯಾದ ಮೇಲೆ ನಿಲ್ಲಿಸಿ ಮುಚ್ಚಳ ತೆಗೆದರೆ ಒಳಗೆ ಬಿಳಿಚಿದ ಜಲ್ಲಿ ಮತ್ತು ಪುಡಿ. ಅದನ್ನು ತಟ್ಟೆಗೆ ಸುರಿದು, ಓವನ್ನಿಗಿಟ್ಟು, ಒಣಗಿಸಿ, ಮತ್ತೆ ತೂಗುತ್ತೀರಿ. ಒಣಗುವಾಗ ಲ್ಯಾಬಿನ ತುಂಬ ಒಂದು ವಾಸನೆ ಹರಡುತ್ತದಲ್ಲ, ನನ್ನ ಇಡೀ ಉಪನ್ಯಾಸ ಆ ವಾಸನೆಯ ಬಗ್ಗೆಯೇ. ಲ್ಯಾಬಿನಲ್ಲಿ ಅದನ್ನು ಕಿಟಕಿ ತೆರೆದು ಆಚೆ ಕಳಿಸಿಬಿಡುತ್ತೇವೆ. ಕಾರ್ಖಾನೆಗೆ ಕಿಟಕಿ ತೆರೆಯುವ ಸ್ವಾತಂತ್ರ್ಯ ಇಲ್ಲ.

ಲೆಕ್ಕ ಹಾಕಿ ನೋಡಿ. ಸೇಕಡಾ 25 ಡಾಂಬರಿರುವ ಕಲ್ಲು ಎಂದಿಟ್ಟುಕೊಂಡರೆ, ಒಂದು ಟನ್ ಡಾಂಬರಿಗೆ ನಾಲ್ಕು ಟನ್ ಕಲ್ಲು ಬೇಕು, ಮೂರು ಟನ್ ಪುಡಿ ಉಳಿಯುತ್ತದೆ. ಪುಡಿ ನಯವಾಗಿದ್ದಷ್ಟೂ ದ್ರಾವಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೇ ಸೋಸಿ, ಕಾಯಿಸಿ ಓಡಿಸಿದರೂ ತೂಕದ ಸೇಕಡಾ ಒಂದರಷ್ಟು ಉಳಿಯಿತು ಎನ್ನಿ. ಮೂರು ಟನ್ನಿಗೆ 30 ಕೆಜಿ ದ್ರಾವಕ ಆಚೆ ಹೋಯಿತು. ಆಲ್ಬರ್ಟಾದಲ್ಲಿ ನೊರೆ ಶುದ್ಧೀಕರಣಕ್ಕೆ ಬಳಸುವ ದ್ರಾವಕದ ನಷ್ಟಕ್ಕೆ ಮಿತಿಯಿದೆ: ಸಾವಿರ ಪಾಲು ಡಾಂಬರಿಗೆ ನಾಲ್ಕು ಪಾಲು. ನಮ್ಮ ಲೆಕ್ಕದ ಕಾರ್ಖಾನೆ ಆ ಮಿತಿಯನ್ನು ಏಳೆಂಟು ಪಟ್ಟು ಮೀರಿತು. ಲೇಖನದಲ್ಲಿ ‘ಸೇಕಡಾ 99 ದ್ರಾವಕ ಮರಳಿ ಪಡೆಯಲಾಯಿತು’ ಎಂದು ಓದಿದಾಗ ಎಷ್ಟು ಸಮಾಧಾನವಾಗುತ್ತದೆ! ಆ ಉಳಿದ ಒಂದು, ಕಲ್ಲಿಗಿಂತ ಎರಡು ಮೂರು ಪಟ್ಟು ದ್ರಾವಕ ಸುರಿದ ಪ್ರಯೋಗದಲ್ಲಿ, ಟನ್ ಡಾಂಬರಿಗೆ ನೂರು ಕೆಜಿಯ ಹತ್ತಿರ ಹೋಗಬಹುದು.

ಇನ್ನು ಯಾವ ದ್ರಾವಕ? ಹಳೆಯ ಲ್ಯಾಬುಗಳಲ್ಲಿ ಬೆಂಜೀನ್ ಇತ್ತು, ಆಮೇಲೆ ಟ್ರೈಕ್ಲೋರೊಎಥಿಲೀನ್ ಬಂತು. ಅದು ಬೆಂಕಿ ಹತ್ತುವುದಿಲ್ಲ, ಬೇಗ ಆವಿಯಾಗುತ್ತದೆ ಎಂದು ಮೆಚ್ಚಿದ್ದೆವು. 2012ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆಪ್ಟೇನ್ ಅಷ್ಟು ವಿಷವಲ್ಲ, ಸುಲಭವಾಗಿ ಆವಿಯಾಗುತ್ತದೆ, ಆದರೆ ಡಾಂಬರಿಗೆ ಗಟ್ಟಿತನ ಕೊಡುವ ಆಸ್ಫಾಲ್ಟೀನ್ ಎಂಬ ಭಾಗ ಅದರಲ್ಲಿ ಕರಗುವುದೇ ಇಲ್ಲ. ಕರಗದೆ ಕಲ್ಲಿನ ಜೊತೆ ಉಳಿದುಬಿಡುತ್ತದೆ. ಕೈಗೆ ಬಂದದ್ದು ರಸ್ತೆಗೆ ಆಗದ ಎಣ್ಣೆ. ಒತ್ತಡಕ್ಕೊಳಗಾದ ಕಾರ್ಬನ್ ಡೈಆಕ್ಸೈಡಿನದೂ ಇದೇ ಪಾಡು. 31 ಡಿಗ್ರಿ ಮತ್ತು 73 ವಾತಾವರಣದಷ್ಟು ಒತ್ತಡ ದಾಟಿಸಿದರೆ ಅದು ದ್ರವದಂತೆಯೂ ಅನಿಲದಂತೆಯೂ ವರ್ತಿಸುತ್ತದೆ, ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿದರೆ ಕುರುಹಿಲ್ಲದೆ ಹೋಗುತ್ತದೆ. ಹಸಿರು ರಸಾಯನಶಾಸ್ತ್ರದ ಕಣ್ಮಣಿ ಅದು. ಕಾಫಿಬೀಜದಿಂದ ಕೆಫೀನ್ ತೆಗೆಯಲು ಸೊಗಸಾಗಿ ಒಗ್ಗಿತು. ಆಸ್ಫಾಲ್ಟೀನನ್ನು ಅದು ಮುಟ್ಟುವುದಿಲ್ಲ. ಕೊನೆಗೆ ಒಗ್ಗುವುದು ಟೊಲ್ವೀನ್‌ನಂಥವು, ಪೇಂಟಿನ ವಾಸನೆಯವು, ನರಗಳಿಗೆ ಒಳ್ಳೆಯವಲ್ಲ.

ಅಮೆರಿಕದ ಯೂಟಾದಲ್ಲಿ ಯುಎಸ್ ಆಯಿಲ್ ಸ್ಯಾಂಡ್ಸ್ ಎಂಬ ಕಂಪನಿ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಡಾಂಬರು ಮರಳಿಗೂ ನೀರಿನ ಪೊರೆಯಿಲ್ಲ. ಕಿತ್ತಳೆ ಸಿಪ್ಪೆಯಿಂದ ತೆಗೆದ ಲಿಮೋನೀನ್ ಎಂಬ ಎಣ್ಣೆಯನ್ನು ಬಳಸುತ್ತೇವೆ, ಕೊಳೆನೀರಿನ ಕೊಳವೇ ಬೇಡ ಎಂದರು. ನಾವು ಕಿತ್ತಳೆ ಸುಲಿಯುವಾಗ ಕಣ್ಣಿಗೆ ಚುರ್ರೆನ್ನುವ ತುಂತುರು ಅದೇ ಎಣ್ಣೆ. ಕೇಳಲು ಇಂಪಾದ ಮಾತು. ಆದರೆ ಲಿಮೋನೀನ್ ಕುದಿಯುವುದು 176 ಡಿಗ್ರಿಗೆ. ಮರಳಿನಿಂದ ಅದನ್ನು ಪೂರ್ತಿ ಓಡಿಸಬೇಕಾದರೆ ಟೊಲ್ವೀನಿಗಿಂತ ಹೆಚ್ಚು ಕಾಯಿಸಬೇಕು. ಓಡಿಸದೆ ಬಿಟ್ಟರೆ ನೀರಿನ ಜೀವಿಗಳಿಗೆ ಅದು ಅಪಾಯಕಾರಿ. ಹಣ್ಣಿನಿಂದ ಬಂದದ್ದು ಎಂಬ ಕಾರಣಕ್ಕೆ ಮೀನು ಅದನ್ನು ಕ್ಷಮಿಸುವುದಿಲ್ಲ. ಇಡೀ ಜಗತ್ತಿನ ಜ್ಯೂಸ್ ಕಾರ್ಖಾನೆಗಳಿಂದ ಬರುವ ಲಿಮೋನೀನ್ ವರ್ಷಕ್ಕೆ ಹತ್ತಾರು ಸಾವಿರ ಟನ್ನಿನ ಮಾತು. 2017ರಲ್ಲಿ ಆ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು. ತೈಲದ ಬೆಲೆ ಕುಸಿದದ್ದು ದೊಡ್ಡ ಕಾರಣ. ಆ ಯೋಜನೆಯ ಬಗ್ಗೆ ನನ್ನ ತಕರಾರು ಬೆಲೆಯದಲ್ಲ. ದ್ರಾವಕ ಹಸಿರು ಎಂಬ ನಂಬಿಕೆಯ ಮೇಲೆ ಉಳಿದ ಮರಳಿನ ಮೇಲಿನ ಕಾವಲನ್ನು ಸಡಿಲಿಸಲು ಹೊರಟದ್ದು ನನಗೆ ಒಪ್ಪಿಗೆಯಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಉಪಾಯವಿದೆ. ಡಾಂಬರನ್ನು ಕರಗಿಸುವ ಬದಲು ಸುಣ್ಣಕಲ್ಲನ್ನೇ ಕರಗಿಸಿಬಿಡೋಣ. ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಕಲ್ಲು ಬುಸುಗುಟ್ಟಿ ಕರಗುತ್ತದೆ, ಡಾಂಬರು ಶುದ್ಧವಾಗಿ ಮೇಲೆ ಬರುತ್ತದೆ, ಸಾವಯವ ದ್ರಾವಕ ಒಂದು ಹನಿಯೂ ಬೇಡ. ಇದನ್ನೂ ಹಸಿರೆಂದು ಕರೆದವರಿದ್ದಾರೆ. ಪಿಯುಸಿಯಲ್ಲಿ ಕಲಿತ ಸಮೀಕರಣವನ್ನೇ ಬರೆದು ನೋಡಿ. ಮೂರು ಟನ್ ಪುಡಿಯಲ್ಲಿ ಸೇಕಡಾ 80 ಸುಣ್ಣಕಲ್ಲು ಎಂದರೆ 2.4 ಟನ್. ಅದನ್ನು ಕರಗಿಸಲು ಸುಮಾರು 1.75 ಟನ್ ಶುದ್ಧ ಆಮ್ಲ ಬೇಕು. ಅಂಗಡಿಯಲ್ಲಿ ಸಿಗುವ ಸೇಕಡಾ 35ರ ಆಮ್ಲವಾದರೆ ಐದು ಟನ್. ಹೊರಬೀಳುವ ಕಾರ್ಬನ್ ಡೈಆಕ್ಸೈಡ್ 1.05 ಟನ್ನಿಗೂ ಮೇಲೆ. ಅಂದರೆ ಸಿಕ್ಕ ಡಾಂಬರಿನ ತೂಕಕ್ಕಿಂತ ಅದರ ಜೊತೆ ಗಾಳಿಗೆ ಹೋದ ಅನಿಲದ ತೂಕವೇ ಹೆಚ್ಚು! ಜೊತೆಗೆ ಎಲ್ಲಿ ಸುರಿಯಬೇಕೆಂದು ತಿಳಿಯದ ಕ್ಯಾಲ್ಸಿಯಂ ಕ್ಲೋರೈಡಿನ ನೀರು. ಪರೀಕ್ಷಾ ನಳಿಕೆಯಲ್ಲಿ ಸೊಗಸಾಗಿ ಕಾಣುವ ಈ ವಿಧಾನ ಗುಡ್ಡದ ಮುಂದೆ ನಿಲ್ಲಲಾರದು.

ಈಗ ಹೊಸ ದ್ರಾವಕಗಳಿಗೆ ಬರೋಣ. ನನಗೆ ನಿಜವಾದ ಆಸೆ ಹುಟ್ಟಿಸಿದ ಕೆಲಸಗಳು ಇಲ್ಲಿವೆ. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಲ್ ಪೇಂಟರ್ ಮತ್ತು ಸಂಗಡಿಗರು 2010ರ ಸುಮಾರಿಗೆ ಅಯಾನಿಕ್ ದ್ರವಗಳನ್ನು ಬಳಸಿ ನೋಡಿದರು. ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಲವಣಗಳು ಅವು. ಆವಿಯಾಗುವುದು ಇಲ್ಲವೆಂಬಷ್ಟು ಕಡಿಮೆ. ಡಾಂಬರು ಮರಳು, ಈ ದ್ರವ, ಜೊತೆಗೆ ಟೊಲ್ವೀನ್ ಹಾಕಿ ಕಲಕಿ ಬಿಟ್ಟರೆ ತಂತಾನೇ ಮೂರು ಪದರವಾಗುತ್ತದೆ: ಮೇಲೆ ಟೊಲ್ವೀನಿನಲ್ಲಿ ಕರಗಿದ ಡಾಂಬರು, ನಡುವೆ ಅಯಾನಿಕ್ ದ್ರವ, ತಳದಲ್ಲಿ ಮರಳು. ಕಾಯಿಸುವುದು ಬೇಡ. ಡಾಂಬರಿಗೂ ಮರಳಿಗೂ ಇರುವ ಹಿಡಿತ ಈ ದ್ರವದೊಳಗೆ ತೀರಾ ಸಡಿಲಗೊಳ್ಳುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಸೂಜಿಮೊನೆಯಿಂದ ಬಲ ಅಳೆದು ತೋರಿಸಿದರು. ಆದರೆ ಮರಳಿಗೆ ಅಂಟಿದ ಅಯಾನಿಕ್ ದ್ರವವನ್ನು ನೀರಿನಿಂದ ತೊಳೆದು ಮರಳಿ ಪಡೆಯಬೇಕು, ಆ ನೀರನ್ನು ಆವಿ ಮಾಡಿ ಮತ್ತೆ ದ್ರವ ತೆಗೆಯಬೇಕು. ಆವಿಯಾಗದ ಗುಣ ಕೆಲಸಗಾರನ ಮೂಗಿಗೆ ವರ, ಮರಳಿ ಪಡೆಯಬೇಕಾದ ಎಂಜಿನಿಯರಿಗೆ ತೊಡಕು.

ಇದರ ಅಗ್ಗದ ಸೋದರ ‘ಡೀಪ್ ಯೂಟೆಕ್ಟಿಕ್’ ದ್ರಾವಕ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಆ್ಯಬಟ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಸಂಗತಿ ಎಂಥವರಿಗೂ ಅಚ್ಚರಿ ತರುವಂಥದ್ದು. ಕೋಲೀನ್ ಕ್ಲೋರೈಡ್ ಕರಗುವುದು 302 ಡಿಗ್ರಿಗೆ, ಯೂರಿಯಾ 133ಕ್ಕೆ. ಒಂದಕ್ಕೆ ಎರಡರ ಪ್ರಮಾಣದಲ್ಲಿ ಎರಡನ್ನೂ ಬೆರೆಸಿದರೆ ಆ ಮಿಶ್ರಣ 12 ಡಿಗ್ರಿಗೇ ದ್ರವ. ಒಂದು ಕೋಳಿ ಆಹಾರಕ್ಕೆ ಬೆರೆಸುವ ವಸ್ತು, ಇನ್ನೊಂದು ಗದ್ದೆಗೆ ಹಾಕುವ ಗೊಬ್ಬರ. ಅಯಾನಿಕ್ ದ್ರವದ ಜಾಗದಲ್ಲಿ ಇಂಥವನ್ನು ಇಟ್ಟು ನೋಡುವ ಪ್ರಯೋಗಗಳು ನಡೆದಿವೆ. ಬೆಲೆಯ ತೊಡಕು ಕಳೆಯಿತು. ತೊಳೆಯುವ ತೊಡಕು ಹಾಗೇ ಇದೆ. ಜೊತೆಗೆ ಯೂರಿಯಾ ಸೇರಿದ ತೊಳೆನೀರು ಸಮುದ್ರಕ್ಕೆ ಹೋದರೆ ಪಾಚಿಗೆ ಗೊಬ್ಬರವಾಗುತ್ತದೆ.

ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜೆಸಪ್ ಅವರದು ಇನ್ನೂ ಚಂದದ ಯೋಚನೆ. ದ್ರಾವಕವನ್ನು ಕುದಿಸಿ ಓಡಿಸುವುದರಿಂದಲೇ ಇಷ್ಟೆಲ್ಲ ಇಂಧನ ಖರ್ಚು. ಕುದಿಸದೆ ಬೇರ್ಪಡಿಸಲಾಗದೇ? ಅವರು ಆರಿಸಿಕೊಂಡ ಕೆಲವು ಅಮೀನ್‌ಗಳು ನೀರಿನಲ್ಲಿ ಬೆರೆಯದ ಎಣ್ಣೆಗಳು. ಅದೇ ನೀರಿಗೆ ಕಾರ್ಬನ್ ಡೈಆಕ್ಸೈಡ್ ಊದಿದರೆ ಅಮೀನ್ ಬೈಕಾರ್ಬೊನೇಟ್ ಲವಣವಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಅನಿಲವನ್ನು ಓಡಿಸಿದರೆ ಮತ್ತೆ ಎಣ್ಣೆಯಾಗಿ ಮೇಲೆ ತೇಲುತ್ತದೆ. ಅಂದರೆ, ಮೊದಲು ಎಣ್ಣೆಯ ರೂಪದಲ್ಲಿ ಅದು ಡಾಂಬರನ್ನು ಕಲ್ಲಿನಿಂದ ಕರಗಿಸಿಕೊಳ್ಳುತ್ತದೆ. ಆಮೇಲೆ ಕಾರ್ಬನ್ ಡೈಆಕ್ಸೈಡ್ ತುಂಬಿದ ನೀರು ಸೇರಿಸಿದರೆ ಅಮೀನ್ ನೀರಿಗೆ ಹೋಗುತ್ತದೆ, ಡಾಂಬರು ಒಂಟಿಯಾಗಿ ಬೇರೆಯಾಗುತ್ತದೆ. 2012ರಲ್ಲಿ ಅವರ ತಂಡ ಇದನ್ನು ಡಾಂಬರು ಮರಳಿನ ಮೇಲೆ ಮಾಡಿ ತೋರಿಸಿತು. ಪುಡಿಯನ್ನೂ ಅದೇ ನೀರಿನಿಂದ ತೊಳೆಯಬಹುದು ಎಂಬುದು ನನಗೆ ಮುಖ್ಯವಾಗಿ ಕಂಡ ಅಂಶ. ಆದರೆ ಇಲ್ಲೂ ಕಲ್ಲಿನ ಮೈಯನ್ನು ಕೇಳಬೇಕು. ಆಲ್ಬರ್ಟಾದ ಮರಳು ಬೆಣಚು, ಕಾರ್ಬನ್ ಡೈಆಕ್ಸೈಡಿನ ನೀರು ಅದನ್ನು ಏನೂ ಮಾಡದು. ಬುಟೊನ್‌ನದು ಸುಣ್ಣಕಲ್ಲು, ಸುಣ್ಣಕಲ್ಲಿನ ಗುಹೆಗಳನ್ನು ಕೊರೆದದ್ದೇ ಇಂಥ ನೀರು. ಸ್ವಲ್ಪ ಸುಣ್ಣ ಕರಗಿ ನೀರಿಗೆ ಬರುತ್ತದೆ, ಅನಿಲ ಓಡಿಸಿದಾಗ ಅದು ಮತ್ತೆ ಗಟ್ಟಿಯಾಗಿ ಕೊಳವೆಗಳ ಒಳಗೆ ಹರಳುಗಟ್ಟುತ್ತದೆ. ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೂ ಪರಿಹಾರ ಹುಡುಕಬಹುದಾದ ತೊಡಕು ಇದು. ಯುವ ರಸಾಯನಶಾಸ್ತ್ರಜ್ಞರು ಯಾರಾದರೂ ಇದಕ್ಕೆ ನಾಲ್ಕಾರು ವರ್ಷ ಕೊಟ್ಟರೆ ವ್ಯರ್ಥವಾಗದು ಎಂದು ನಂಬಿದ್ದೇನೆ.

ಇಂಡೊನೇಷ್ಯಾದಲ್ಲೇ, ಸುರಬಾಯಾದ ತಂತ್ರಜ್ಞಾನ ಸಂಸ್ಥೆಯಲ್ಲಿ, ನಡುದಾರಿಯೊಂದನ್ನು ಪ್ರಯತ್ನಿಸಿದ್ದಾರೆ. ಕಲ್ಲಿಗೆ ಮೊದಲು ಸ್ವಲ್ಪ ಡೀಸೆಲ್ ಬೆರೆಸಿ ಡಾಂಬರನ್ನು ಸಡಿಲಿಸಿ, ಆಮೇಲೆ ಸಾಬೂನಿನ ಗುಣದ ವಸ್ತು ಹಾಕಿದ ಬಿಸಿನೀರಿನಲ್ಲಿ ಕಲಕುತ್ತಾರೆ. ಊರಿನ ಸಾಮಾನು, ಊರಿನ ಕಲ್ಲು, ಅರ್ಥವಾಗುವ ಯಂತ್ರ. ನನಗೆ ಈ ದಾರಿಯ ಮೇಲೆ ಗೌರವವಿದೆ. ಇಂಧನದ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ನಾಲ್ಕು ಟನ್ ಕಲ್ಲನ್ನು 30ರಿಂದ 90 ಡಿಗ್ರಿಗೆ ಏರಿಸಲು ಬೇಕಾದ ಶಾಖ ಐದಾರು ಕೆಜಿ ಫರ್ನೆಸ್ ಆಯಿಲಿನಷ್ಟು. ಕಲ್ಲಿನ ಎರಡರಷ್ಟು ನೀರು ಹಾಕಿದರೆ ಆ ನೀರಿಗೇ 50 ಕೆಜಿ ಬೇಕು. ಬಿಸಿನೀರನ್ನು ತಣಿಯಲು ಬಿಡದೆ ಮರುಬಳಸಿದರೆ ಇದು ಬಹಳ ಇಳಿಯುತ್ತದೆ. ಆಲ್ಬರ್ಟಾದವರೂ 80 ಡಿಗ್ರಿಯ ಆಸುಪಾಸಿನಿಂದ 50ರ ಕೆಳಗೆ ಇಳಿದಿದ್ದಾರೆ. ಬಿಸಿನೀರಿನ ಕೊಳವೆಗೆ ಹೊದಿಸುವ ಕಂಬಳಿಯಂಥ ಹೊದಿಕೆಯ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ, ಆದರೆ ಹೊಸ ದ್ರಾವಕದಷ್ಟೇ ಇಂಧನವನ್ನು ಅದು ಉಳಿಸಬಲ್ಲದು.

ಈಗ ನನ್ನ ಮುಖ್ಯ ಸಲಹೆ. ಡಾಂಬರನ್ನು ಪೂರ್ತಿ ಶುದ್ಧ ಮಾಡಲೇಬೇಕು ಎಂದು ಯಾರು ಹೇಳಿದರು? ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ಒಂದು ಟನ್ ಮಿಶ್ರಣಕ್ಕೆ 50ರಿಂದ 55 ಕೆಜಿ ಡಾಂಬರು ಬೀಳುತ್ತದೆ. ಅದೇ ಮಿಶ್ರಣಕ್ಕೆ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ನಯ ಪುಡಿಯೂ ಹೆಚ್ಚುಕಡಿಮೆ ಅಷ್ಟೇ ಬೇಕು. ಸುಣ್ಣಕಲ್ಲಿನ ಪುಡಿ ಅದಕ್ಕೆ ಹೇಳಿ ಮಾಡಿಸಿದ್ದು. ಬುಟೊನ್ ಕಲ್ಲನ್ನು ಹಾಗೇ ಪುಡಿ ಮಾಡಿ ಹಾಕಿದರೆ 52 ಕೆಜಿ ಡಾಂಬರಿನ ಜೊತೆ 156 ಕೆಜಿ ಪುಡಿ ಬರುತ್ತದೆ, ಬೇಕಾದ್ದಕ್ಕಿಂತ ಮೂರು ಪಟ್ಟು. ಹಾಗಾಗಿ ಕಲ್ಲನ್ನು ನೇರವಾಗಿ ಬಳಸಿದರೆ ಡಾಂಬರಿನ ಮೂರರಲ್ಲೊಂದು ಪಾಲನ್ನಷ್ಟೇ ಅದರಿಂದ ತುಂಬಬಹುದು. ಅಲ್ಲಿ ಹರಳಿನ ರೂಪದಲ್ಲಿ ಮಾರುವ ಅಸ್‌ಬುಟೊನ್ ಈ ಕೆಲಸವನ್ನೇ ಮಾಡುತ್ತಿದೆ, ಯಾವ ದ್ರಾವಕವೂ ಇಲ್ಲದೆ. ಈ ಮೊದಲ ಮೂರನೇ ಒಂದು ಪಾಲಿಗೆ ಬೇರ್ಪಡಿಸುವ ಕಾರ್ಖಾನೆಯೇ ಬೇಡ. ಮುಂದಿನದಕ್ಕೆ ಕಲ್ಲನ್ನು ಅರ್ಧ ಡಾಂಬರು, ಅರ್ಧ ಪುಡಿ ಆಗುವಷ್ಟು ಮಾತ್ರ ಶುದ್ಧ ಮಾಡಿದರೆ? 52 ಕೆಜಿ ಡಾಂಬರಿನ ಜೊತೆ 52 ಕೆಜಿ ಪುಡಿ. ಲೆಕ್ಕ ಸರಿಹೋಯಿತು. ಟ್ರಿನಿಡಾಡಿನ ಕೆರೆ ತಾನಾಗಿ ಕೊಡುವ ಅನುಪಾತವೂ ಇದರ ಹತ್ತಿರದ್ದೇ. ಇಂಡೊನೇಷ್ಯಾದಲ್ಲಿ ಅರೆ ಬೇರ್ಪಡಿಸಿದ ಮಾಲು ಈಗಾಗಲೇ ಉಂಟು. ಅದನ್ನು ಎರಡನೇ ದರ್ಜೆಯೆಂದು ನೋಡುವುದು ತಪ್ಪು.

ಇದರಿಂದ ಆಗುವ ಲಾಭ ದ್ರಾವಕದ ಆಯ್ಕೆಗಿಂತ ದೊಡ್ಡದು. ಬೇರ್ಪಡಿಸುವ ಕೆಲಸದಲ್ಲಿ ಅತಿ ಹೆಚ್ಚು ಕಾಡುವುದು ಡಾಂಬರಿನೊಳಗೆ ಉಳಿದ ಕೊನೆಯ ನಯ ಪುಡಿ. ಅದು ಸುಲಭಕ್ಕೆ ತಳ ಹಿಡಿಯದು, ಫಿಲ್ಟರಿಗೆ ಸಿಕ್ಕದು, ಅದಕ್ಕಾಗಿ ಮತ್ತೆ ಮತ್ತೆ ದ್ರಾವಕ ಸುರಿದು ತೆಳು ಮಾಡಿ ಸೆಂಟ್ರಿಫ್ಯೂಜ್ ತಿರುಗಿಸಬೇಕು. ಆ ಪುಡಿ ಹೇಗೂ ರಸ್ತೆಗೆ ಬೇಕಾದ್ದು, ಇರಲಿ ಬಿಡಿ ಎಂದರೆ ಆ ಇಡೀ ಹಂತವೇ ತಪ್ಪುತ್ತದೆ. ಬೇರ್ಪಟ್ಟು ಹೊರಬೀಳುವ ಪುಡಿಯೂ ಟನ್ ಡಾಂಬರಿಗೆ ಮೂರು ಟನ್ನಿನಿಂದ ಎರಡಕ್ಕೆ ಇಳಿಯುತ್ತದೆ. ಜಾವಾಕ್ಕೆ ಹೋಗುವ ಹಡಗು ಟನ್ ಡಾಂಬರಿಗೆ ನಾಲ್ಕು ಟನ್ ಕಲ್ಲು ಹೊರುವ ಬದಲು ಎರಡು ಟನ್ ಹೊರುತ್ತದೆ. ಉಳಿದ ಹಣ, ಶಾಖ, ಗಮನ ಎಲ್ಲವನ್ನೂ ಆ ಎರಡು ಟನ್ ಪುಡಿಯನ್ನು ಚೊಕ್ಕ ಮಾಡಲು ಕೊಡಬಹುದು. ಒಪ್ಪಂದದ ಕಾಗದದಲ್ಲಿ ಬರೀ ಶುದ್ಧ ಡಾಂಬರನ್ನೇ ಕೇಳುವ ಇಲಾಖೆಗಳು ತಮ್ಮ ನಿಯಮವನ್ನು ತಿದ್ದಿಕೊಳ್ಳಬೇಕಾಗುತ್ತದೆ. ರಸಾಯನಶಾಸ್ತ್ರಕ್ಕಿಂತ ಆ ತಿದ್ದುಪಡಿ ಕಷ್ಟ ಎಂಬುದನ್ನು ನಿಮ್ಮಲ್ಲಿ ಇಲಾಖೆಯಲ್ಲಿ ದುಡಿದವರು ಬಲ್ಲಿರಿ.

ಆ ಎರಡು ಟನ್ ಪುಡಿ ಎಲ್ಲಿಗೆ ಹೋಗಬೇಕು? ಬುಟೊನ್‌ನ ಆಗ್ನೇಯಕ್ಕೆ ವಾಕಾಟೊಬಿ ದ್ವೀಪಗಳಿವೆ, 1996ರಿಂದ ರಾಷ್ಟ್ರೀಯ ಉದ್ಯಾನ. ಜಗತ್ತಿನ ಅತಿ ಸಮೃದ್ಧ ಹವಳದ ದಿಬ್ಬಗಳು ಅಲ್ಲಿನ ನೀರಿನಲ್ಲಿವೆ. ಸಮುದ್ರವನ್ನೇ ಮನೆ ಮಾಡಿಕೊಂಡ ಬಜಾವ್ ಜನ ಅಲ್ಲಿನ ಮೀನನ್ನು ನಂಬಿ ಬದುಕುತ್ತಾರೆ. ಸುಣ್ಣದ ನಯ ಪುಡಿ, ಅದರಲ್ಲಿ ದ್ರಾವಕದ ಅಂಶ, ಮೇಲೆ ಮಳೆಗಾಲದ ಮಳೆ. ಗುಡ್ಡದಲ್ಲಿ ತೆರೆದ ರಾಶಿ ಹಾಕುವ ಮಾತೇ ಬೇಡ. ಪಕ್ಕದ ದಕ್ಷಿಣ ಸುಲಾವೆಸಿಯಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ, ಸುಣ್ಣಕಲ್ಲೇ ಅವುಗಳ ಕಚ್ಚಾವಸ್ತು. ಪುಡಿಯಲ್ಲಿ ಉಳಿದ ಚೂರುಪಾರು ಡಾಂಬರು ಅಲ್ಲಿ ಇಂಧನವಾಗಿಯೇ ಉರಿದು ಹೋಗಬಲ್ಲದು. ಹಾಗೆಂದು ಪುಡಿಯನ್ನು ಉಳಿದ ಸುಣ್ಣಕಲ್ಲಿನ ಜೊತೆ ಮೇಲಿನಿಂದ ಸುರಿಯುವಂತಿಲ್ಲ. ಗೂಡಿಗೆ ಹೋಗುವ ಮೊದಲು ಕಲ್ಲನ್ನು ಕಾಯಿಸುವ ಪ್ರೀಹೀಟರಿನ ಮೇಲಿನ ಹಂತಗಳಲ್ಲಿ ಶಾಖ ಸಾಲದು. ಡಾಂಬರೂ ದ್ರಾವಕವೂ ಉರಿಯದೆ ಆವಿಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತವೆ. ಗೂಡಿನ ಬಿಸಿ ತುದಿಗೆ, ಇಂಧನ ಹಾಕುವ ಜಾಗದಲ್ಲೇ ಅದನ್ನು ಊದಬೇಕು, ಚಿಮಣಿಯಲ್ಲಿ ಸಾವಯವ ಆವಿಯನ್ನು ಅಳೆಯುವ ಮಾಪಕ ಇರಬೇಕು, ಆ ಮಾಪಕದ ಅಂಕಿ ಊರವರಿಗೆ ಕಾಣುವಂತಿರಬೇಕು.